ರಾದೋಸಾವನ ಒಬ್ಬನೇ ಮೊಮ್ಮಗ

ಮಾವ ಎರಡನೆಯ ಗುಂಡು ಹಾರಿಸಿದಾಗ ಯಾಗೊದಾ ಸುಟ್ಟ ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ಅಂಗಳದ ಒಲೆಯ ಮೇಲೆ ಇನ್ನೊಂದು ರಾಶಿ ಸುಡುತ್ತಿತ್ತು. ಎಲ್ಲವನ್ನೂ ಅರೆದು, ಕುದಿಸಿ, ಚಳಿಗಾಲಕ್ಕೆ ಸೀಸೆಗಳಿಗೆ ತುಂಬಬೇಕು. ಅವಳ ಆಚೀಚೆ ಮೊಣಕೈವರೆಗೂ ಕೆಂಪು ಮಾಡಿಕೊಂಡು ಕೂತಿದ್ದವರು ಅವಳ ಹೆಣ್ಣುಮಕ್ಕಳು, ಒಂಬತ್ತು ವರ್ಷದ ನೇದಾ, ಆರು ವರ್ಷದ ದುನ್ಯಾ. ದುನ್ಯಾ ಅದೇ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

"ಗಂಡು ಕಣ್ರೋ! ನಮ್ಮನೇಲಿ ಗಂಡು!" ರಾದೋಸಾವ್ ಬೇಲಿಯ ಪಕ್ಕ ಬನಿಯನ್ನಿನಲ್ಲೇ ನಿಂತು ಕಣಿವೆಯ ಕಡೆ ಕೂಗಿದ. ಮೂರನೆಯ ಗುಂಡೂ ಹಾರಿತು. ಕಣಿವೆಯ ಆಚೆಯ ಮನೆಯಿಂದ ಒಂದು ಕೋವಿ ಉತ್ತರ ಕೊಟ್ಟಿತು. ಮುದುಕನ ಕಣ್ಣಲ್ಲಿ ನೀರು. ಮಗ ವುಕೋಟಾನ ಮದುವೆಯಲ್ಲೂ ಅವನು ಅತ್ತಿರಲಿಲ್ಲ.

ಕೊಲಾಶಿನ್ ಪಟ್ಟಣದ ಮೇಲಿನ ಈ ಹಳ್ಳಿಗಳಲ್ಲಿ ಗಂಡು ಹುಟ್ಟಿದರೆ ಕೋವಿ ಮಾತಾಡುತ್ತದೆ, ಹೆಣ್ಣು ಹುಟ್ಟಿದರೆ ಗೋಡೆಯ ಮೊಳೆಯಲ್ಲೇ ಇರುತ್ತದೆ. ಹಿಂದೆಲ್ಲ ಮಗು ಹುಟ್ಟಿ ಅಳುವ ತನಕವಾದರೂ ಕಾಯುತ್ತಿದ್ದರು. ಬಸುರಿಯ ತೋಳಿನಿಂದ ಒಂದು ಪುಟ್ಟ ಸೀಸೆ ರಕ್ತ ತೆಗೆದು ಗಂಡೋ ಹೆಣ್ಣೋ ಹೇಳಿಬಿಡುವ ಕಾಲ ಬಂದ ಮೇಲೆ ಈ ಗಂಡಸರಿಗೆ ಅಷ್ಟು ತಾಳ್ಮೆಯೂ ಉಳಿದಿಲ್ಲ.

"ನೋಡಿದ್ಯಾ ಸೊಸೆ, ಹೇಗೆ ಕುಣಿತಾ ಇದ್ದಾರೆ ನಿನ್ನ ಮಾವ!" ಅತ್ತೆ ಸ್ತಾನಾ ಬಾಗಿಲಲ್ಲಿ ನಿಂತು ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಏಳು, ಏಳು. ಆ ಹೊಗೆಯಲ್ಲಿ ಕೂರಬೇಡ. ನೇದಾ ಸುಲೀತಾಳೆ."

ಯಾಗೊದಾ ಎದ್ದಳು. ಅವಳಿಗೆ ಒಂದೇ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಅವಳು ಪರೀಕ್ಷೆ ಮಾಡಿಸಿರಲಿಲ್ಲ. ಹೊಟ್ಟೆಯಲ್ಲಿರುವುದು ಏನೆಂದು ಅವಳಿಗೆ ತಿಳಿದಿರಲಿಲ್ಲ. ಗಂಡು ಎಂದದ್ದು ಶುದ್ಧ ಸುಳ್ಳು.

"ಸುಮ್ನೆ ತಿಳ್ಕೊಂಡ್ರೆ ಏನ್ ಹೋಗ್ತದೆ?" ಎಂದು ಶುರು ಮಾಡಿದವಳು ಸ್ತಾನಾ. ಸ್ತಾನಾ ಎಂದರೆ ನಿಲ್ಲಲಿ ಎಂದರ್ಥ. ನಾಲ್ಕನೆಯದೂ ಹೆಣ್ಣಾದಾಗ ಇನ್ನಾದರೂ ನಿಲ್ಲಲಿ ಎಂದು ಅವಳಪ್ಪ ಇಟ್ಟ ಹೆಸರು ಅದು. ಎಪ್ಪತ್ತು ದಾಟಿದರೂ ಆ ಹೆಸರಿಗೇ ಓಗೊಡುತ್ತಾಳೆ, ಎಂದೂ ಬೇಸರಪಟ್ಟಿದ್ದು ಯಾರೂ ಕಂಡಿಲ್ಲ. "ತಿಳ್ಕೊಳ್ಳೋದು ಪಾಪ ಅಲ್ಲವಲ್ಲ! ಆಮೇಲಿಂದು ಆಮೇಲೆ," ಎನ್ನುತ್ತಿದ್ದಳು. ವುಕೋಟಾ ಕೂಡ ಮರದ ಲಾರಿ ಓಡಿಸಿ ಮನೆಗೆ ಬಂದು, ಬೂಟು ಕಳಚುತ್ತಾ ಅದನ್ನೇ ಹೇಳುತ್ತಿದ್ದ. "ಸುಮ್ನೆ ತಿಳ್ಕೊಳ್ಳೋಣ ಅಷ್ಟೆ ಕಣೇ. ಮನಸ್ಸಿಗೆ ನೆಮ್ಮದಿ."

ಎರಡು ವರ್ಷದ ಹಿಂದೆಯೂ ಸುಮ್ಮನೆ ತಿಳಿದುಕೊಂಡಿದ್ದರು. ಹೆಣ್ಣೆಂದು ತಿಳಿದ ಮೇಲೆ ಮನೆಯಲ್ಲಿ ಯಾರೂ ಅವಳ ಜೊತೆ ಜಗಳವಾಡಲಿಲ್ಲ, ಬೈಯಲಿಲ್ಲ. ಊಟದ ಹೊತ್ತಿಗೆ ಮಾತು ನಿಂತಿತು, ಅಷ್ಟೆ. ಮಾವ ತನ್ನ ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ತಿನ್ನತೊಡಗಿದ. ವುಕೋಟಾ ಗೋಡೆಯ ಕಡೆ ತಿರುಗಿ ಮಲಗತೊಡಗಿದ. ಆ ಮೌನ ಎಷ್ಟು ದಿನ ಮುಂದುವರಿಯುತ್ತಿತ್ತೋ, "ಸರಿ, ಹೋಗೋಣ" ಎಂದವಳು ಅವಳೇ. ಅವಳ ಬಾಯಿಂದಲೇ ಹೇಳಿಸಿದರು, ಅದೇ ಅವರ ಜಾಣತನ! ತೆಗೆಸಿ ಹಿಂದಿರುಗುವಾಗ ವುಕೋಟಾ ರಾಜಧಾನಿ ಪೊದ್ಗೊರಿತ್ಸಾದ ಒಂದು ಅಂಗಡಿಯಲ್ಲಿ ಅವಳಿಗೆ ಒಳ್ಳೆಯ ಚರ್ಮದ ಬೂಟು ಕೊಡಿಸಿದ. ಅತ್ತೆ ಕೋಳಿ ಸಾರು ಮಾಡಿ, ನೆರೆಯವರಿಗೆ ಸೊಸೆಗೆ ಹೊಟ್ಟೆ ಕೆಟ್ಟಿದೆ ಎಂದಳು.

ಯಾಗೊದಾ ಕೆಲಸ ಮಾಡುವ ಬೇಕರಿಯ ಯಜಮಾನಿಯ ತಂಗಿ ಇಟಲಿಯಲ್ಲಿದ್ದಾಳೆ. ಅವಳೂ ಮೊದಲೇ ತಿಳಿದುಕೊಂಡಳಂತೆ, ತೊಟ್ಟಿಲಿನ ಹೊದಿಕೆಗೆ ಬಣ್ಣ ಆರಿಸುವುದಕ್ಕೆ. ಕೇಳಿದಾಗ ಯಾಗೊದಾಳಿಗೆ ನಗು ಬಂತು. ಬಣ್ಣ ಆರಿಸುವುದಕ್ಕಾದರೆ ಯಾರು ಬೇಕಾದರೂ ತಿಳಿದುಕೊಳ್ಳಲಿ, ಸಂತೋಷ. ಈ ಮನೆಯಲ್ಲಿ ತಿಳಿದುಕೊಳ್ಳುವುದು ಮಗುವನ್ನೇ ಆರಿಸುವುದಕ್ಕೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೇ ಅವಳಿಗೆ ಹೊಟ್ಟೆ ಉರಿಸುತ್ತಿದ್ದುದು.

ಈ ಸಲ ವುಕೋಟಾನ ಲಾರಿ ದೂರದ ಬಾಡಿಗೆಗೆ ಹೋಗಿತ್ತು, ಅವಳು ಒಬ್ಬಳೇ ರೈಲಿನಲ್ಲಿ ಪೊದ್ಗೊರಿತ್ಸಾಕ್ಕೆ ಹೋದಳು. ಆಸ್ಪತ್ರೆಯ ಬಾಗಿಲವರೆಗೂ ಹೋದಳು. ಒಳಗೆ ಕಾಯುವ ಕುರ್ಚಿಗಳಲ್ಲಿ ಹೆಂಗಸರು, ಪಕ್ಕದಲ್ಲಿ ಗಂಡಂದಿರು. ಒಬ್ಬಳು ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ಯಾಗೊದಾ ಒಳಗೆ ಹೋಗಲಿಲ್ಲ. ರಸ್ತೆಯ ಆಚೆ ಅಂಗಡಿಯಲ್ಲಿ ಮಾಂಸ ತುಂಬಿದ ಬುರೆಕ್ ತಿಂದು, ಒಂದು ಲೋಟ ಮೊಸರು ಕುಡಿದು, ಸಂಜೆಯ ರೈಲಿಗೆ ವಾಪಸು ಬಂದಳು. ಮುಂದಿನ ವಾರ, ಆಸ್ಪತ್ರೆಯವರು ಫೋನ್ ಮಾಡಿದ್ದರು ಎಂದು ಹೇಳಿದಳು. ಗಂಡು ಮಗುವಂತೆ ಎಂದಳು. ಹೇಳುವಾಗ ನಾಲಿಗೆ ತೊದಲಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ತೆಗೆಸುವುದಕ್ಕೆ ಕಾನೂನು ಕೊಡುವ ಗಡುವು ದಾಟುವ ತನಕ ಈ ಸುಳ್ಳು ನಿಂತರೆ ಸಾಕು.

ಅವಳು ಲೆಕ್ಕ ಹಾಕದೆ ಇದ್ದದ್ದು ಕೋವಿಯನ್ನು. ಕಣಿವೆಗೆಲ್ಲ ಕೇಳಿಸಿದ್ದನ್ನು ಈಗ ಹೇಗೆ ವಾಪಸು ತೆಗೆದುಕೊಳ್ಳುವುದು?

ಆಮೇಲಿನ ದಿನಗಳಲ್ಲಿ ಅವಳು ಆ ಮನೆಗೆ ನೆಂಟಳಾದಳು. ಸೌದೆ ಮುಟ್ಟಗೊಡಲಿಲ್ಲ. ನೀರಿನ ಬಕೆಟ್ಟಿಗೆ ಕೈ ಹಾಕಿದರೆ ವುಕೋಟಾ ಓಡಿ ಬರುತ್ತಿದ್ದ. ಹೊಗೆ ಹಿಡಿಸಿದ ಮಾಂಸದಲ್ಲಿ ಕೊಬ್ಬಿಲ್ಲದ ತುಂಡು ಅವಳ ತಟ್ಟೆಗೇ. ನೇದಾ ಹೊಟ್ಟೆಯಲ್ಲಿದ್ದಾಗ ತುಂಬಿದ ಬಸುರಿ ಆಲೂಗಡ್ಡೆ ಅಗೆದದ್ದು ಅವಳಿಗೆ ನೆನಪಿತ್ತು, ಅವರಿಗೆ ಇರಲಿಲ್ಲ. ಒಂದೊಂದು ಸಲ ಈ ಉಪಚಾರ ಹಿತವಾಗಿಯೂ ಇರುತ್ತಿತ್ತು. ಹಿತವಾದಾಗಲೆಲ್ಲ ತನ್ನ ಮೇಲೇ ಅವಳಿಗೆ ಸಿಟ್ಟು ಬರುತ್ತಿತ್ತು.

ಮಾವ ಹೆಣ್ಣುಮಕ್ಕಳು ಮಲಗುವ ಕೋಣೆಗೆ ನೀಲಿ ಬಣ್ಣ ಬಳಿಯತೊಡಗಿದ.

"ಅಮ್ಮಾ, ತಮ್ಮ ಬಂದ್ಮೇಲೆ ನಾವು ಎಲ್ಲಿ ಮಲಗೋದು?" ನೇದಾ ಕೇಳಿದಳು.

"ಇಲ್ಲೇ. ಇನ್ನೆಲ್ಲಿ?"

"ತಾತ ಅಟ್ಟದ ಮೇಲೆ ಅಂದ್ರು."

"ಅಟ್ಟದ ಮೇಲೆ ತಾತನೇ ಮಲಗ್ಲಿ," ಎಂದಳು ಯಾಗೊದಾ. ನೇದಾ ನಗಲಿಲ್ಲ.

ನವೆಂಬರಿನಲ್ಲಿ ಮನೆತನ ಕಾಯುವ ಸಂತನ ಹಬ್ಬ ಬಂತು. ಆ ದಿನ ಕರೆಯದಿದ್ದರೂ ಬರಬಹುದು, ಬಂದವರಿಗೆ ಬಾಗಿಲು ಹಾಕುವಂತಿಲ್ಲ. ಈ ಸಲ ಗುಂಡಿನ ಸದ್ದು ಕೇಳಿದವರೆಲ್ಲ ಬಂದರು. ಉದ್ದನೆಯ ಮೇಜಿನ ನಡುವೆ ಎತ್ತರದ ಜೇನುಮೇಣದ ಬತ್ತಿ, ಹಬ್ಬದ ರೊಟ್ಟಿ, ಬೇಯಿಸಿದ ಸಿಹಿ ಗೋಧಿ. ಸುತ್ತ ಗಂಡಸರು. ವುಕೋಟಾ ರಕಿಯಾ ಹೆಂಡದ ಬಾಟಲಿ ಹಿಡಿದು ನಿಂತೇ ಬಡಿಸುತ್ತಿದ್ದ. ಮೇಜಿನ ತಲೆಯಲ್ಲಿ ಬಿಳಿ ಅಂಗಿಯ ರಾದೋಸಾವ್. ಹೆಂಗಸರು ಮತ್ತು ಹುಡುಗಿಯರು ಅಡುಗೆಮನೆಗೂ ಮೇಜಿಗೂ ಓಡಾಡುತ್ತಿದ್ದರು. ಅವರ ಊಟ ಆಮೇಲೆ, ಮಿಕ್ಕಿದ್ದರಲ್ಲಿ. ಬೆಳಿಗ್ಗೆಯಿಂದ ಓಡಾಡಿ ದುನ್ಯಾಳ ಕಾಲುಚೀಲ ಜಾರಿ ಪಾದಕ್ಕೆ ಬಂದಿತ್ತು. ಯಾಗೊದಾಳನ್ನು ಮಾತ್ರ ಅತ್ತೆ ಮೇಜಿದ್ದ ಕೋಣೆಯಲ್ಲೇ ಒಲೆಯ ಪಕ್ಕದ ಬೆಂಚಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಳು, ಬಂದವರಿಗೆಲ್ಲ ಕಾಣುವ ಹಾಗೆ.

ಸಮುದ್ರದ ಕಡೆಯಿಂದ ಬಂದಿದ್ದ ಶ್ಪೀರೋ, ರಾದೋಸಾವನ ಸೈನ್ಯದ ದಿನಗಳ ಗೆಳೆಯ. ಈ ಮನೆಗೆ ಬರದೆ ಬಹಳ ಕಾಲವಾಗಿತ್ತು. ನೇದಾ ಅವನ ಮುಂದೆ ರೊಟ್ಟಿಯ ತಟ್ಟೆ ಇಟ್ಟಳು. ಅವಳ ಹಿಂದೆ ದುನ್ಯಾ ಎರಡೂ ಕೈಯಲ್ಲಿ ಉಪ್ಪಿನಕಾಯಿಯ ಬಟ್ಟಲು ಹಿಡಿದು ನಿಂತಿದ್ದಳು. ಶ್ಪೀರೋ ಗ್ಲಾಸು ಎತ್ತಿದ.

"ಏನಪ್ಪಾ ರಾದೋಸಾವ್, ಎಷ್ಟು ಜನ ಮೊಮ್ಮಕ್ಕಳು ನಿಂಗೆ?"

"ಒಂದು," ಎಂದ ರಾದೋಸಾವ್. "ದೇವರು ದೊಡ್ಡವನು. ವಸಂತಕ್ಕೆ ಬರ್ತಾನೆ."

ಹಾಗೆ ಎಣಿಸುವುದು ಅಲ್ಲಿನ ರೂಢಿ. ಗಂಡುಮಕ್ಕಳಷ್ಟೇ ಮಕ್ಕಳು. ಮುದುಕನಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ, ಅವನಿಗೆ ನೇದಾ ಅಲ್ಲಿ ನಿಂತಿದ್ದಾಳೆ ಎಂಬುದೇ ತೋಚಿರಲಿಲ್ಲ. ಉದ್ದೇಶವಿಲ್ಲದೆ ಆಡಿದ ಮಾತು ಎಂದು ಇಂಥದ್ದನ್ನು ಎಷ್ಟು ತಲೆಮಾರು ಕ್ಷಮಿಸಿಕೊಂಡು ಬರಬೇಕು? ನೇದಾ ತಟ್ಟೆಯಿಂದ ಕೈ ತೆಗೆಯಲಿಲ್ಲ. ಅಜ್ಜನ ಮುಖ ನೋಡಿದಳು, ಆಮೇಲೆ ತಂಗಿಯ ಮುಖ.

ಯಾಗೊದಾ ಬೆಂಚಿನಿಂದ ಎದ್ದಳು. ದಿಂಬು ನೆಲಕ್ಕೆ ಬಿತ್ತು.

"ಮಾವ, ಇನ್ನೊಂದ್ಸಲ ಎಣಿಸಿ."

"ಏನು ಸೊಸೆ?" ರಾದೋಸಾವ್ ನಗುತ್ತಲೇ ತಿರುಗಿದ.

"ಎಷ್ಟು ಜನ ಅಂತ ಕೇಳಿದ್ರಲ್ಲ ಅವರು. ಎಣಿಸಿ. ನಿಮ್ಮ ಮುಂದೇನೇ ಇಬ್ರು ನಿಂತಿದ್ದಾರೆ. ಬೆಳಿಗ್ಗೆಯಿಂದ ನಿಮ್ಮ ನೆಂಟರಿಗೆ ರೊಟ್ಟಿ ಹೊತ್ತು ಹೊತ್ತು ಕಾಲು ಬಿದ್ದುಹೋಗಿದೆ ಅವಕ್ಕೆ."

"ಮಾತಿಗೆ ಹಾಗಂದ್ರು ಬಿಡೇ," ಎಂದ ವುಕೋಟಾ ಮೆಲ್ಲಗೆ. "ಕೂತ್ಕೋ. ಅವನಿಗೆ ಒಳ್ಳೇದಲ್ಲ."

"ಯಾವನಿಗೆ?" ಯಾಗೊದಾ ಗಂಡನ ಕಡೆ ತಿರುಗಿದಳು. "ಯಾರಿಗೆ ಗೊತ್ತು ಅವನೋ ಅವಳೋ ಅಂತ? ನನಗೂ ಗೊತ್ತಿಲ್ಲ. ನಾನು ಪರೀಕ್ಷೆನೇ ಮಾಡ್ಸಿಲ್ಲ. ಬಾಗಿಲ ತನಕ ಹೋಗಿ ವಾಪಸ್ ಬಂದೆ."

ಸ್ತಾನಾ ಅಡುಗೆಮನೆಯಿಂದ ಓಡಿಬಂದು ಶಿಲುಬೆಯ ಗುರುತು ಹಾಕಿಕೊಂಡಳು.

"ಸಂತನ ದೀಪದ ಮುಂದೆ! ಇಷ್ಟು ದಿನ ಸುಳ್ಳು ಹೇಳ್ಕೊಂಡು ಬಂದು, ದೀಪದ ಮುಂದೆ ನಿಂತ್ಕೊಂಡು..."

"ದೀಪದ ಮುಂದೆ ಸುಳ್ಳು ಹೇಳಿದ್ದು ನಾನಲ್ಲ ಅತ್ತೆ. ನಾನು ನಿಜ ಹೇಳ್ತಾ ಇದೀನಿ. ಒಂದು ಅಂದವರು ಯಾರು, ಅವರನ್ನ ಕೇಳಿ."

ರಾದೋಸಾವನ ಮುಖ ಮೊದಲು ಬಿಳಿಚಿ, ಆಮೇಲೆ ಕತ್ತಿನಿಂದ ಮೇಲಕ್ಕೆ ಕೆಂಪೇರಿತು. "ನಾನು ಗುಂಡು ಹಾರಿಸಿದೀನಿ," ಎಂದ. "ಊರಿಗೆಲ್ಲ ಕೇಳೋ ಹಾಗೆ ಹಾರಿಸಿದೀನಿ."

"ಹಾರಿಸಿದೀರ. ಇವರಿಬ್ಬರಿಗೂ ಸೇರಿ ಅಂದ್ಕೊಳ್ಳಿ. ಬಾಕಿ ಇತ್ತು."

"ಎರಡು ತಿಂಗಳು," ವುಕೋಟಾ ಬಾಟಲಿ ಹಿಡಿದೇ ಹತ್ತಿರ ಬಂದ. ಮುಖ ಏಟು ತಿಂದವನ ಹಾಗಿತ್ತು. "ಎರಡು ತಿಂಗಳು ನನ್ನ ಪಕ್ಕದಲ್ಲೇ ಮಲಗಿ, ನಂಗೂ ಹೇಳ್ಲಿಲ್ವಲ್ಲೇ."

"ಹೇಳಿದ್ರೆ ಏನ್ ಮಾಡ್ತಿದ್ದೆ? ಇನ್ನೊಂದು ಜೊತೆ ಬೂಟು ಕೊಡಿಸ್ತಿದ್ದೆ."

ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಯಾರೋ, ಸಮಾಧಾನ ಹೇಳುವವನ ಹಾಗೆ, "ಅದಕ್ಯಾಕೆ ತಲೆ ಕೆಡಿಸ್ಕೋತೀರಿ, ಈಗ್ಲೂ ಪರೀಕ್ಷೆ ಮಾಡಿಸ್ಬೋದು. ಇಲ್ಲಿ ಗಡುವು ಮುಗಿದ್ರೂ ಗಡಿ ದಾಟಿದ್ರೆ ಡಾಕ್ಟರುಗಳಿದ್ದಾರೆ," ಎಂದ.

ಯಾಗೊದಾ ಗಂಡನನ್ನೇ ನೋಡಿದಳು. ಎಲ್ಲರೂ ಅವನನ್ನೇ ನೋಡಿದರು. ಎರಡು ವರ್ಷದ ಹಿಂದೆ ಗೋಡೆಯ ಕಡೆ ತಿರುಗಿ ಮಲಗಿದವನಿಗೆ ಈಗ ತಿರುಗಿಕೊಳ್ಳಲು ಗೋಡೆ ಇರಲಿಲ್ಲ.

"ಬಾಯ್ಮುಚ್ಕೊಂಡು ತಿನ್ರಿ," ಎಂದ ವುಕೋಟಾ.

ಸಂತನ ಹಬ್ಬದ ದಿನ ನೆಂಟರಿಗೆ ಹಾಗೆ ಅಂದ ಮನೆ ಆ ಸುತ್ತಿನಲ್ಲಿ ಇಲ್ಲ. ಹೇಳಿದ್ದು ಅಷ್ಟೇ. ಯಾರ ಗ್ಲಾಸಿಗೆ ಸುರಿಯಬೇಕೆಂದು ತೋಚದೆ ಅಲ್ಲೇ ನಿಂತ. ಇಷ್ಟು ಹೇಳಲು ಅವನಿಗೆ ಎರಡು ವರ್ಷ ಬೇಕಾಯಿತು.

"ಪರೀಕ್ಷೆ ಇಲ್ಲ," ಎಂದಳು ಯಾಗೊದಾ, ಮೇಜಿಗೆಲ್ಲ ಕೇಳುವ ಹಾಗೆ. "ಹುಟ್ಟಿದ ದಿನ ನಾನು ನೋಡ್ತೀನಿ, ನೀವೂ ನೋಡಿ. ಅಲ್ಲೀತನಕ ಯಾರಾದ್ರೂ ನನ್ನ ಹೊಟ್ಟೆ ಕಡೆ ಬೆರಳು ಮಾಡಿ ಏನು ಅಂತ ಕೇಳಿದ್ರೆ, ನಾನು ಮಕ್ಕಳನ್ನ ಕರ್ಕೊಂಡು ನಡೀತೀನಿ. ಎಲ್ರನ್ನೂ."

ಅವಳು ಅಡುಗೆಮನೆಗೆ ಹೋಗಿ ಎರಡು ಸ್ಟೂಲು ತಂದಳು. ಬಸುರಿ ಭಾರ ಎತ್ತಬಾರದು ಎಂದು ಯಾರೂ ಹೇಳಲಿಲ್ಲ. ಒಂದನ್ನು ಮಾವನ ಪಕ್ಕ, ಇನ್ನೊಂದನ್ನು ಅದರ ಪಕ್ಕ ತುರುಕಿದಳು.

"ಸ್ವಲ್ಪ ಸರೀರಿ ಮಾವ."

ರಾದೋಸಾವ್ ಸರಿದ. ಶ್ಪೀರೋ ತನ್ನ ಕುರ್ಚಿಯನ್ನು ಎಳೆದುಕೊಂಡು ಇನ್ನಷ್ಟು ಜಾಗ ಮಾಡಿದ. ಯಾಗೊದಾ ಮಕ್ಕಳನ್ನು ಕೂರಿಸಿ, ದೊಡ್ಡ ತಟ್ಟೆಯಿಂದ ಕುರಿಮರಿಯ ತೊಡೆಯ ಭಾಗವನ್ನೇ ಇಬ್ಬರಿಗೂ ಹಾಕಿದಳು. ನೇದಾ ಕೈ ಮಡಿಲಲ್ಲಿಟ್ಟುಕೊಂಡು ಅಮ್ಮನನ್ನೇ ನೋಡುತ್ತಿದ್ದಳು. ದುನ್ಯಾಳಿಗೆ ಹಸಿವಾಗಿತ್ತು. ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿದಳು.

"ಉಪ್ಪಿಲ್ಲ," ಎಂದಳು.

ಉಪ್ಪಿನ ಬಟ್ಟಲು ಅಜ್ಜನ ಬಲಗೈಯ ಆಚೆ ಇತ್ತು. ದುನ್ಯಾ ಅಜ್ಜನನ್ನು ನೋಡಿದಳು. ಅಜ್ಜ ತನ್ನ ತಟ್ಟೆ ನೋಡುತ್ತಿದ್ದ. ಮೇಜಿನಲ್ಲಿ ಯಾವ ಕೈಯೂ ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದ ಮೇಲೆ ಅವಳು ಸ್ಟೂಲಿನ ಮೇಲೆ ಮಂಡಿಯೂರಿ ಎದ್ದು, ಅಜ್ಜನ ತಟ್ಟೆಯ ಮೇಲಿಂದ, ಅವನ ಕೈಯ ಮೇಲಿಂದ ಬಗ್ಗಿ, ಬಟ್ಟಲಿಗೆ ಬೆರಳು ಹಾಕಿದಳು. ತನ್ನ ಮಾಂಸಕ್ಕೆ ಒಂದು ಚಿಟಿಕೆ ಉದುರಿಸಿಕೊಂಡಳು. ಅಕ್ಕನದಕ್ಕೂ ಉದುರಿಸಿದಳು. ಕೂತು ತಿನ್ನತೊಡಗಿದಳು.