ಮೂವತ್ತನೆಯ ನಿಮಿಷದ ಆಚೆ

ನನ್ನ ಕ್ಯಾಮೆರಾ ಇಪ್ಪತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡಿಗೆ ಸರಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಎದುರಿಗೆ ಮದುಮಗಳು ಅಳುತ್ತಿರಲಿ, ಮಂತ್ರಿ ಭಾಷಣ ಬಿಗಿಯುತ್ತಿರಲಿ, ಅದಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ. ಅದು ಹುಟ್ಟಿದ್ದೇ ಫೋಟೊ ತೆಗೆಯಲಿಕ್ಕೆ, ವಿಡಿಯೊ ಅದಕ್ಕೆ ಬಿಟ್ಟಿ ಚಾಕರಿ. ಅರ್ಧ ಗಂಟೆ ದಾಟಿದರೆ ಯಾವುದೋ ದೇಶದಲ್ಲಿ ಬೇರೆ ಸುಂಕ ಬೀಳುತ್ತಿತ್ತಂತೆ, ಅದಕ್ಕೇ ತಯಾರಿಸುವವರು ಒಂದು ಸೆಕೆಂಡು ಮೊದಲೇ ಗೇಟು ಹಾಕಿದರಂತೆ. ಒಳಗೆ ಬಿಸಿಯಾಗುತ್ತದೆ ಅನ್ನುವುದು ಇನ್ನೊಂದು ನೆಪ.

ಹನ್ನೊಂದು ವರ್ಷ ಅದರ ಜೊತೆ ಏಗಿ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ರೆಕಾರ್ಡಿಂಗ್ ನಿಲ್ಲಿಸುವ ಗುಂಡಿಯನ್ನು ನಾನು ಒತ್ತುತ್ತಲೇ ಇರಲಿಲ್ಲ. ಅದೇ ನಿಲ್ಲುತ್ತದಲ್ಲ! ನಿಂತ ಮೇಲೆ ಬೇಕಿದ್ದರೆ ಮತ್ತೆ ಶುರು ಮಾಡುವುದು, ಸಾಕಾದರೆ ಬ್ಯಾಟರಿ ಕಿತ್ತು ಚೀಲಕ್ಕೆ ತುರುಕುವುದು.

ಡಾಕ್ಟರು ಕೈಚೆಲ್ಲಿದ ವಾರ ಅಕ್ಕ ನನ್ನನ್ನು ಕರೆದಳು. "ಮಗಳಿಗೆ ಒಂದಿಷ್ಟು ಹೇಳ್ಬೇಕು ಕಣೇ, ರೆಕಾರ್ಡ್ ಮಾಡ್ಕೊಡು. ಆದ್ರೆ ನಿನ್ನ ಡಬ್ಬಾ ಮಧ್ಯದಲ್ಲಿ ನಿಂತ್ರೆ ನಾನು ಮತ್ತೆ ಶುರು ಮಾಡಲ್ಲ. ನಂಗೆ ಅಷ್ಟು ಉಸಿರಿಲ್ಲ."

ಕ್ಯಾಮೆರಾ ರಿಪೇರಿಯವನ ಹತ್ತಿರ ಓಡಿದೆ. ಅವನು ಕನ್ನಡಕದ ಮೇಲಿಂದ ನೋಡಿ ನಕ್ಕ. "ಕನ್ನಡಿ ಇರೋ ಕ್ಯಾಮೆರಾ ಕಾಲ ಮುಗೀತು ಮೇಡಂ. ಈಗಿನವು ಗಂಟೆಗಟ್ಟಲೆ ಓಡ್ತವೆ. ಇದನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ." ಆದರೂ ಕಂಪನಿಯದ್ದಲ್ಲದ ಯಾವುದೋ ಸಾಫ್ಟ್‌ವೇರ್ ತುಂಬಿಸಿ ಆ ಅರ್ಧ ಗಂಟೆಯ ಮಿತಿ ತೆಗೆದುಕೊಟ್ಟ. ತುಂಬಾ ಬಿಸಿಯಾದರೆ ನನ್ನನ್ನು ಬೈಬೇಡಿ ಅಂದ.

ಮಹಡಿಯ ಕೋಣೆಯಲ್ಲಿ, ತೆರೆದ ಕಿಟಕಿಯ ಪಕ್ಕ, ಕೈಗಳಿರುವ ಹಸಿರು ಕುರ್ಚಿಯಲ್ಲಿ ಅಕ್ಕ ಕೂತಳು. ನಲವತ್ತೊಂದು ನಿಮಿಷ ಮಾತಾಡಿದಳು. ಅಪ್ಪ ರೇಗಿದರೆ ಅವರಿಗೆ ಹಸಿವಾಗಿದೆ ಅಂತ ತಿಳ್ಕೋ, ಗಣಿತ ಬರದಿದ್ದರೆ ಜಗತ್ತೇನೂ ಮುಳುಗಲ್ಲ, ಕೂದಲು ಒದ್ದೆಯಿರುವಾಗ ಜಡೆ ಹೆಣೀಬೇಡ. ಕೊನೆಗೆ "ಸಾಕು" ಅಂದಳು. ನನ್ನ ಕಣ್ಣು ಮಂಜಾಗಿತ್ತು. ಕೈ ಅದರ ಪಾಡಿಗೆ ಅದು ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ ಬ್ಯಾಟರಿ ಕಿತ್ತಿತು. ನಿಲ್ಲಿಸುವ ಗುಂಡಿ ನೆನಪೇ ಆಗಲಿಲ್ಲ. ಹತ್ತೊಂಬತ್ತು ದಿನಕ್ಕೆ ಅಕ್ಕ ಹೋದಳು.

ಅಕ್ಕನ ಮಗಳಿಗೆ ಹತ್ತು ವರ್ಷ. ಕೂಸಾಗಿದ್ದಾಗ ಒಂದೇ ರಾಗದಲ್ಲಿ ಕುಂಯ್ಗುಡುತ್ತಿದ್ದಳೆಂದು ಮನೆಯವರೆಲ್ಲ ಪಿಟೀಲು ಅಂತ ಕರೆಯುತ್ತೇವೆ. ಅವಳನ್ನು ನೋಡಿಕೊಳ್ಳಲು ನಾನು ಅಕ್ಕನ ಮನೆಯಲ್ಲೇ ಉಳಿದೆ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಕೇಳಿದಳು, "ಚಿಕ್ಕಮ್ಮ, ಅಮ್ಮನ ವಿಡಿಯೊ ಹಾಕು." ಕ್ಯಾಮೆರಾವನ್ನು ಮಹಡಿಯ ಟಿವಿಗೆ ಜೋಡಿಸಿಕೊಟ್ಟು ಕೆಳಗೆ ಬಂದೆ. ಜೊತೆಗೆ ಕೂತು ನೋಡುವ ಧೈರ್ಯ ನನಗಿರಲಿಲ್ಲ, ನಿಜ ಹೇಳುತ್ತೇನೆ.

ಸಂಜೆ ಇಳಿದು ಬಂದವಳು, "ಅಮ್ಮಂಗೆ ಚಳಿಯಾಯ್ತು ಅನ್ಸುತ್ತೆ, ಎದ್ದು ಕಿಟಕಿ ಹಾಕಿದ್ಲು" ಅಂದಳು.

ರೆಕಾರ್ಡ್ ಮಾಡಿದ ದಿನ ಅಕ್ಕ ಎದ್ದೇ ಇರಲಿಲ್ಲ. ಏಳುವ ಶಕ್ತಿ ಎಲ್ಲಿತ್ತು? ಮೇಲೆ ಹೋಗಿ ನೋಡಿದೆ. ಬ್ಯಾಟರಿ ಕಿತ್ತಿದ್ದಕ್ಕೆ ಕೆಡಬೇಕಾಗಿದ್ದ ಫೈಲು ಕೆಟ್ಟಿರಲಿಲ್ಲ. ಉದ್ದ ನಲವತ್ತೊಂದು ನಿಮಿಷವೂ ಇರಲಿಲ್ಲ, ಎರಡು ಗಂಟೆ ಆರು ನಿಮಿಷ ಇತ್ತು. ಅಕ್ಕ "ಸಾಕು" ಅಂದ ಜಾಗಕ್ಕೆ ಓಡಿಸಿದೆ. ಆಮೇಲೆ ಚಿತ್ರದೊಳಗೆ ನಾನು ಬಂದೆ. ಕಣ್ಣೊರೆಸಿಕೊಳ್ಳುತ್ತ, ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಾಗಿಲು ದಾಟಿ ಹೊರಗೆ ಹೋದೆ. ಚಿತ್ರ ಮಾತ್ರ ಕೂದಲೆಳೆಯಷ್ಟೂ ಅಲುಗದೆ ಅಲ್ಲೇ ನಿಂತಿತ್ತು. ಅಕ್ಕ ಒಬ್ಬಳೇ ಕುರ್ಚಿಯಲ್ಲಿ ಕೂತಿದ್ದಳು.

ಮರುದಿನ ವಿಡಿಯೊ ಮೂರು ಗಂಟೆ ಉದ್ದ ಇತ್ತು. ಅದರ ಮರುದಿನ ಐದೂವರೆ. ಕಂಪ್ಯೂಟರಿಗೆ ಇಳಿಸಿಕೊಂಡರೆ ಬರೀ ನಲವತ್ತೊಂದು ನಿಮಿಷ, ಕ್ಯಾಮೆರಾದಲ್ಲೇ ನೋಡಿದರೆ ದಿನಕ್ಕಿಷ್ಟು ಉದ್ದ. ಕಾರ್ಡಿನಲ್ಲಿ ಜಾಗ ಒಂಚೂರೂ ಕಮ್ಮಿಯಾಗುತ್ತಿರಲಿಲ್ಲ.

ಶಾಲೆಗೆ ಹೋಗುವುದನ್ನೇ ಬಿಟ್ಟಳು ಪಿಟೀಲು. ಎದ್ದ ಕೂಡಲೇ ಮಹಡಿ ಹತ್ತಿ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರೆ ಮುಗಿಯಿತು. ಬರೆದ ಚಿತ್ರ, ಬಿದ್ದ ಹಲ್ಲು, ಎಲ್ಲ ಟಿವಿಗೆ ಹಿಡಿದು ತೋರಿಸುತ್ತಿದ್ದಳು. ಅಕ್ಕ ತಲೆಯೆತ್ತುತ್ತಿರಲಿಲ್ಲ, ಆದರೆ ಒಮ್ಮೊಮ್ಮೆ ಕುತ್ತಿಗೆ ಓರೆ ಮಾಡುತ್ತಿದ್ದಳು, ಬದುಕಿದ್ದಾಗ ಪಕ್ಕದ ಕೋಣೆಯ ಮಾತಿಗೆ ಕಿವಿಗೊಡುತ್ತಿದ್ದ ಹಾಗೆ. ತಟ್ಟೆ ತುಂಬ ಮೇಲೆ ಹೋದ ಊಟ ಹಾಗೇ ಕೆಳಗೆ ಬರುತ್ತಿತ್ತು. ಹುಡುಗಿಯ ಕೆನ್ನೆ ಬತ್ತಿ ಕಣ್ಣು ಗುಳಿಬಿದ್ದವು.

ಭಾವ ಮೆಟ್ಟಿಲ ಬುಡಕ್ಕೆ ಬಂದು ನಿಲ್ಲುತ್ತಿದ್ದರೇ ಹೊರತು ಮೇಲೆ ಹತ್ತುತ್ತಿರಲಿಲ್ಲ. "ಅಳಿಸಿಬಿಡಮ್ಮ ಅದನ್ನ" ಅಂದರು ಒಂದು ದಿನ. "ಒಬ್ಬಳನ್ನ ಕಳ್ಕೊಂಡಿದ್ದೀನಿ. ಇವಳನ್ನೂ ಕಳ್ಕೊಳ್ಳೋ ಹಾಗಿದೆ. ಕೈ ಮುಗೀತೀನಿ."

ನಾನು ಹೂಂ ಅಂದೆ, ಮಾಡಲಿಲ್ಲ. ಅವಳು ನನಗೂ ಅಕ್ಕ ತಾನೆ? ಇನ್ನೊಂದು ದಿನ ಇರಲಿ, ಇನ್ನೊಂದೇ ದಿನ ಅಂತ ದಿನ ತಳ್ಳುತ್ತಿದ್ದೆ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ಶುಕ್ರವಾರ ಹಾಲು ತೆಗೆದುಕೊಂಡು ಮೇಲೆ ಹೋದಾಗ ಪಿಟೀಲು ಹಿಂದೆ ತಿರುಗದೆಯೇ ಅಂದಳು, "ನೋಡು ಚಿಕ್ಕಮ್ಮ, ಅಮ್ಮನ ಪಕ್ಕ ಇನ್ನೊಂದು ಕುರ್ಚಿ ಬಂದಿದೆ. ಪುಟ್ಟದು."

ಬಂದಿತ್ತು. ಹಸಿರು ಬಣ್ಣದ್ದು, ಹತ್ತು ವರ್ಷದ ಮಗುವಿಗೆ ಅಳತೆ ತೆಗೆದು ಮಾಡಿಸಿದಂಥದ್ದು. ಅಕ್ಕನ ಕೈ ಅದರ ಬೆನ್ನಿನ ಮೇಲಿತ್ತು. ಹಾಲಿನ ಲೋಟ ನನ್ನ ಕೈಯಿಂದ ಜಾರಿ ಬಿತ್ತು.

ಕ್ಯಾಮೆರಾ ಎತ್ತಿಕೊಂಡು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಪಿಟೀಲು ನುಗ್ಗಿಬಂದು ನನ್ನ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದಳು. "ಅಮ್ಮನ್ನ ಸಾಯಿಸ್ಬೇಡ! ಇನ್ನೊಂದ್ಸಲ ಸಾಯಿಸ್ಬೇಡ!" ಅಳಿಸಲು ನನ್ನಿಂದ ಆಗಲಿಲ್ಲ. ಆಗ ನನಗೆ ಬಂದ ಸಿಟ್ಟು ಮಗುವಿನ ಮೇಲಲ್ಲ, ಅಕ್ಕನ ಮೇಲೆ. ಟಿವಿಗೆ ಮುಖ ಮಾಡಿ ಹುಚ್ಚಿಯ ಹಾಗೆ ಕಿರುಚಿದೆ.

"ನಾಚ್ಕೆ ಆಗಲ್ವೇನೇ ನಿಂಗೆ? ಊಟ ಬಿಟ್ಟಿದ್ದಾಳೆ ಕಣೇ ನಿನ್ನ ಮಗಳು! ಅವಳ ಮುಖ ಒಂದ್ಸಲ ನೋಡು, ಆಮೇಲೆ ಕುರ್ಚಿ ಹಾಕು!"

ಅಕ್ಕ ತಲೆಯೆತ್ತಿದಳು. ಅಷ್ಟು ದಿನದಲ್ಲಿ ಅದೇ ಮೊದಲು. ನನ್ನನ್ನಲ್ಲ, ನನ್ನ ಸೊಂಟ ಹಿಡಿದು ಅಳುತ್ತಿದ್ದ ಪಿಟೀಲನ್ನು ನೋಡಿದಳು. ಬತ್ತಿದ ಕೆನ್ನೆ ನೋಡಿದಳು, ಕೋಲಿನಂಥ ಕೈ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಪುಟ್ಟ ಕುರ್ಚಿಯನ್ನು ಚಿತ್ರದ ಅಂಚಿನಾಚೆಗೆ ಎಳೆದುಕೊಂಡು ಹೋದಳು. ವಾಪಸು ಬಂದು ನೇರ ನಮ್ಮ ಕಡೆಗೆ ನಡೆದಳು. ಹತ್ತಿರವಾದಂತೆ ಮುಖ ಮಸುಕಾಯಿತು. ಕೈ ಮುಂದೆ ಬಂತು. ಲೆನ್ಸಿಗೆ ಮುಚ್ಚಳ ಹಾಕುವಾಗ ಆಗುವ ಆ ಸಣ್ಣ ಟಕ್ ಸದ್ದು ಟಿವಿಯಿಂದ ಕೇಳಿಸಿತು. ಪರದೆ ಕಪ್ಪಾಯಿತು.

ಪರದೆಯ ಮೂಲೆಯಲ್ಲಿ ವಿಡಿಯೊದ ಹೊತ್ತು ತೋರಿಸುವ ಅಂಕಿ ಮಾತ್ರ ಓಡುತ್ತಲೇ ಇತ್ತು.

ಎರಡು ದಿನ ಪಿಟೀಲು ಆ ಕಪ್ಪು ಪರದೆಗೆ ಹಣೆ ಹಚ್ಚಿಕೊಂಡು "ಮುಚ್ಚಳ ತೆಗಿ ಅಮ್ಮ" ಅಂತ ಗೋಗರೆದಳು. ಒಳಗಿನಿಂದ ಉಸಿರಾಟ ಕೇಳುತ್ತಿತ್ತು, ಉತ್ತರ ಬರಲಿಲ್ಲ. ಭಾನುವಾರ ಸಂಜೆ ತಾನಾಗಿಯೇ ಕೆಳಗಿಳಿದು ಬಂದು ಹಸಿವು ಅಂದಳು. ಭಾವ ಒಲೆ ಹಚ್ಚಲು ಓಡಿದರು, ನಾಲ್ಕನೆಯ ಕಡ್ಡಿಗೆ ಹತ್ತಿತು. ಸೋಮವಾರ ಬೆಳಿಗ್ಗೆ ನಾನು ಜಡೆ ಹೆಣೆದೆ. ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಅವಳು ಅಪ್ಪನ ಕೈ ಹಿಡಿದು ಬೀದಿಗಿಳಿದಳು.

ನಾನು ಮೇಲೆ ಹೋಗಿ ಕಪ್ಪು ಪರದೆಯ ಮುಂದೆ ಕೂತೆ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ತುಂಬಾ ಹೊತ್ತಿನ ಮೇಲೆ ಆ ಕಪ್ಪಿನೊಳಗಿನಿಂದ, ಮೂಗು ಕಟ್ಟಿದ ದನಿಯಲ್ಲಿ ಅಕ್ಕ ಕೇಳಿದಳು, "ಹೋದ್ಲಾ?"

"ಹೋದ್ಲಕ್ಕ. ತಿಂಡಿ ತಿಂದು ಹೋದ್ಲು."

"ತಿರುಗಿ ನೋಡಿದ್ಲಾ?"

ನೋಡಿದ್ದಳು. ಬೀದಿಯ ತಿರುವು ಮುಟ್ಟುವುದರೊಳಗೆ ಮೂರು ಸಲ ನಿಂತು ಮಹಡಿಯ ಕಿಟಕಿ ನೋಡಿದ್ದಳು.

"ಇಲ್ಲ" ಅಂದೆ.

"ಒಳ್ಳೇದಾಯ್ತು" ಅಂದಳು ಅಕ್ಕ. ಅಂಕಿ ನಿಂತಿತು.