ಡೆಲ್ಬರ್ಟನ ತೋಟದ ಹೊಸ ಚಿಟ್ಟೆ

ಟೆಕ್ಸಾಸಿನ ಆ ಗುಡ್ಡದೂರಿನಲ್ಲಿ ಒಟೀಲಿ ಎಂಬ ಮುದುಕಿಯ ಹೊಟ್ಟೆಯೊಳಗಿನ ಬೆಂಕಿ ಒಂದು ವರ್ಷದಿಂದ ಆರಿರಲಿಲ್ಲ, ಆರಲು ಅವಳು ಬಿಟ್ಟಿರಲೂ ಇಲ್ಲ. ಮೆಕ್ಸಿಕೋದ ಬೆಟ್ಟಗಳಲ್ಲಿ ಚಳಿಗಾಲ ಕಳೆದು ಉತ್ತರಕ್ಕೆ ಮರಳುವ ಮೊನಾರ್ಕ್ ಚಿಟ್ಟೆಯನ್ನು ಊರಿನಲ್ಲಿ ಮೊದಲು ಕಂಡವರ ಹೆಸರನ್ನು ಚಿಟ್ಟೆ ಸಂಘದವರು ನಕ್ಷೆಯಲ್ಲಿ ಹಾಕುತ್ತಾರೆ. ಹನ್ನೊಂದು ವರ್ಷ ಅದು ಒಟೀಲಿಯ ಹೆಸರೇ. ಹೋದ ಮಾರ್ಚಿನಲ್ಲಿ ಪಕ್ಕದ ಮನೆಯ ಡೆಲ್ಬರ್ಟನನ್ನು ಅವಳೇ ಕರೆದು, ಕಾಫಿ ಕೊಟ್ಟು, ಆಗಷ್ಟೇ ಬಂದಿಳಿದ ಚಿಟ್ಟೆಯನ್ನು ತೋರಿಸಿದ್ದಳು. ಕಾಫಿ ಕುಡಿದು ಹೋದ ಮಹಾಶಯ, ಮನೆ ಸೇರಿದ್ದೇ ತನ್ನ ಹೆಸರಿನಲ್ಲಿ ವರದಿ ಕಳಿಸಿದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ಈ ಸಲ ಅವಳು ಚಳಿಗಾಲವಿಡೀ ಅಡುಗೆಮನೆಯ ಗಾಜಿನ ಪೆಟ್ಟಿಗೆಯಲ್ಲಿ ಮೊನಾರ್ಕ್ ಚಿಟ್ಟೆಯ ಹುಳು ಸಾಕಿದಳು. ಫೆಬ್ರುವರಿ ಕೊನೆಯ ಒಂದು ಬೆಳಗ್ಗೆ, ಕೋಶ ಒಡೆದು ಹೊರಬಂದಿದ್ದ ಚಿಟ್ಟೆಯನ್ನು ಡೆಲ್ಬರ್ಟನ ತೋಟದ ಗಿಡದ ಮೇಲೆ ಕೂರಿಸಿ ಬಂದಳು. ಮೆಕ್ಸಿಕೋದಿಂದ ಹಾರಿ ಬಂದ ಚಿಟ್ಟೆಯ ರೆಕ್ಕೆ ಮಾಸಿ, ಅಂಚು ಹರಿದಿರುತ್ತದೆ. ಇದು ಅಂಗಡಿಯಿಂದ ತಂದ ಹೊಸ ಅಂಗಿಯಂತೆ ಮಿರುಗುತ್ತಿತ್ತು. ಆಸೆಬುರುಕನಿಗೆ ಅದೆಲ್ಲ ಎಲ್ಲಿ ಕಾಣಬೇಕು? ಫೋಟೋ ಸಮೇತ ಕಳಿಸಿದ. ಸಂಘದವರು ಒಂದೇ ನೋಟಕ್ಕೆ ಸಾಕಿದ ಚಿಟ್ಟೆಯೆಂದು ಹಿಡಿದರು. ಅವನೇ ಸಾಕಿ ಮೋಸ ಮಾಡಿದನೆಂದು ತೀರ್ಮಾನಿಸಿ, ಇನ್ನು ಅವನ ವರದಿಯೂ ಬೇಡ, ಸಾಕ್ಷಿಯೂ ಬೇಡ ಎಂದರು. ಅಂದು ಒಟೀಲಿಗೆ ಸ್ವರ್ಗಕ್ಕೆ ಮೂರೇ ಗೇಣು.

ವಾರ ಕಳೆದ ಮೇಲೆ, ಅವಳು ಗಿಡಗಳಿಗೆ ನೀರು ಹಾಯಿಸುತ್ತಿದ್ದಾಗ ನಿಜವಾದದ್ದು ಬಂತು. ಬಣ್ಣ ಮಾಸಿತ್ತು, ಎಡರೆಕ್ಕೆ ಹರಿದಿತ್ತು. ಫೋನು ಒಳಗಿತ್ತು; ಓಡಿ ಹೋಗಿ ತರುವಷ್ಟರಲ್ಲಿ ಚಿಟ್ಟೆ ಮರಗಳ ಮೇಲೇರಿ ಹೊರಟುಹೋಗಿತ್ತು. ಫೋಟೋ ಇಲ್ಲದಿದ್ದರೆ ಇನ್ನೊಬ್ಬರು ಕಂಡಿರಬೇಕೆಂಬುದು ಸಂಘದ ನಿಯಮ. ಬೇಲಿಯಾಚೆ ನಿಂತಿದ್ದವನು ಡೆಲ್ಬರ್ಟ್ ಒಬ್ಬನೇ.

"ನೋಡಿದ್ರಾ?" ಎಂದಳು, ಬೇರೆ ದಾರಿಯಿಲ್ಲದೆ.

"ಚೆನ್ನಾಗೇ ನೋಡಿದೆ. ಆದ್ರೆ ನನ್ನ ಮಾತು ಈಗ ಯಾರಿಗೆ ಬೇಕು?" ಎಂದ ಅವನು. "ನಿಮ್ಮ ಕಿಟಕೀಲಿರೋ ಗಾಜಿನ ಪೆಟ್ಟಿಗೆ ನನಗೂ ಕಾಣುತ್ತೆ, ಒಟೀಲಮ್ಮ. ಸಾಕಿದ ಚಿಟ್ಟೆ ಕೈತಪ್ಪಿ ನಮ್ಮ ತೋಟಕ್ಕೆ ಬಂದಿತ್ತು ಅಂತ ಸಂಘಕ್ಕೆ ಒಂದು ಸಾಲು ಬರೀರಿ ಸಾಕು. ನಾನು ಬೇರೇನೂ ಹೇಳಲ್ಲ. ನನ್ನ ಸಾಕ್ಷಿ ನಡೆಯುತ್ತೆ, ನಿಮ್ಮ ಹೆಸರು ನಕ್ಷೇಲಿ ಬರುತ್ತೆ."

ಅವಳು ಯೋಚಿಸಿದಳು. ನಕ್ಷೆಯಲ್ಲಿ ಮತ್ತೆ ತನ್ನ ಹೆಸರು. ಊರಿನಲ್ಲಿ ಮತ್ತೆ ಇವನು ದೊಡ್ಡ ಮನುಷ್ಯ. ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ.

"ಯಾವ ಚಿಟ್ಟೆ?" ಎಂದಳು ಒಟೀಲಿ. "ನಾನೇನೂ ನೋಡಿಲ್ಲ."