ಬಿಟ್ಟುಹೋದ ವಚನ

ಮದರಸಾಗಳಲ್ಲಿ ನನಗೆ 'ಕತ್ತರಿ ಅಕ್ಕ' ಅಂತ ಹೆಸರು. ನಮ್ಮ ಸಮುದಾಯದ ಮಂಡಳಿ ಕಳಿಸಿದಲ್ಲಿಗೆ ಹೋಗಿ, ಮಕ್ಕಳ ಕುರ್‌ಆನ್ ಪಠಣ ಕೇಳಿ, ಮದರಸಾಕ್ಕೆ ದರ್ಜೆ ಕೊಡುವುದು ನನ್ನ ಕೆಲಸ. ಮುಖ ನೋಡಿ ಮಣೆ ಹಾಕುವುದು ನನ್ನಿಂದಾಗದು, ಹೆಸರು ಬಂದದ್ದು ಅದಕ್ಕೇ. ಬಂದರೆ ಬರಲಿ.

ಈ ಸಲ ಮಾತ್ರ ಮಂಡಳಿಯ ಅಧ್ಯಕ್ಷರು ನನ್ನ ಹಿಂದೆಯೇ ಮೆಟ್ಟಿಲವರೆಗೆ ಬಂದರು. "ನೋಡಮ್ಮ, ನೀನು ಫೇಲ್ ಅಂತ ಬರೆದ್ರೆ ಸರ್ಕಾರದವರು ಬೀಗ ಜಡೀತಾರೆ. ಅವರು ಕಾಯ್ತಿರೋದೇ ಅದಕ್ಕೆ. ಆ ಕಡೆ ನಮ್ಮ ಮಕ್ಕಳಿಗೆ ಇರೋದು ಅದೊಂದೇ ಮದರಸಾ."

"ಹಾಗಾದ್ರೆ ನೀವೇ ಹೋಗಿ ಬರೆದು ಬನ್ನಿ," ಅಂದೆ. ಅಂದೆನೇ ಹೊರತು ದಾರಿಯುದ್ದಕ್ಕೂ ಅವರ ಮಾತೇ ತಲೆಯಲ್ಲಿತ್ತು. ನಾವು ಬೆರಳೆಣಿಕೆಯಷ್ಟು ಜನ ಇರುವ ನಾಡು ಇದು. ಒಮ್ಮೆ ಮುಚ್ಚಿದ ಬಾಗಿಲನ್ನು ನಮಗಾಗಿ ಮತ್ತೆ ತೆರೆಯುವವರು ಇಲ್ಲ.

ಮದರಸಾ ಅಂದರೆ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆ. ಕೆಳಗೆ ಯಂತ್ರಗಳು ಗುಡುಗುಡು ತಿರುಗುತ್ತ ನೆಲ ನಡುಗಿಸುತ್ತಿದ್ದವು, ಸಾಬೂನಿನ ಹಬೆ ಕಿಟಕಿಯಿಂದ ಒಳಗೇ ನುಗ್ಗುತ್ತಿತ್ತು. ಅಲ್ಲಿ ಯಾರೇ ಆದರೂ ಕೂಗಿಯೇ ಮಾತಾಡಬೇಕು. ಪಾಠ ಹೇಳುವ ಉಸ್ತಾದರಿಗೆ ವಯಸ್ಸಾಗಿತ್ತು. ಎಲ್ಲಿಗೆ ಹೋದರೂ ನಾನು ಮೊದಲು ಹುಡುಕುವುದು ಬೆತ್ತವನ್ನು. ಇಲ್ಲಿ ಅದಿರಲಿಲ್ಲ. ಚಿಕ್ಕವರು ಅವರ ಮೊಣಕಾಲಿಗೇ ಒರಗಿ ಕೂತಿದ್ದರು. ಈ ಮನುಷ್ಯನಿಗೆ ಒಳ್ಳೆಯ ದರ್ಜೆ ಬರಲಪ್ಪಾ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಪರೀಕ್ಷೆ ಸರಳ. ನಾನು ಅರ್ಧ ವಚನ ಹೇಳುತ್ತೇನೆ, ಮಗು ಅಲ್ಲಿಂದ ಮುಂದುವರಿಸಬೇಕು. ಮೊದಲ ಹುಡುಗನ ಉಚ್ಚಾರ ಬಿಡಿಸಿಟ್ಟಂತೆ ಸ್ಪಷ್ಟವಾಗಿತ್ತು. ಆದರೆ ನಡುವೆ ಒಂದು ಕಡೆ ಜಾರಿದ. ಬಾಯಿಪಾಠದವರಿಗೆಲ್ಲ ಗೊತ್ತಿರುವ ಜಾರುವಿಕೆ ಅದು. ಒಂದೇ ಬಗೆಯ ಮಾತು ಎರಡು ಕಡೆ ಬಂದಾಗ ನಾಲಿಗೆ ಇಲ್ಲಿಂದ ಅಲ್ಲಿಗೆ ಹಾರಿಬಿಡುತ್ತದೆ, ನಡುವಿನ ವಚನ ಬಿದ್ದುಹೋಗುತ್ತದೆ. ನನಗೂ ಎಷ್ಟೋ ಸಲ ಆಗಿದೆ. ಗುರುಗಳಾದವರು ಆ ಕ್ಷಣವೇ ತಡೆಯುತ್ತಾರೆ. ಉಸ್ತಾದರು ತಡೆಯಲಿಲ್ಲ, ಕಣ್ಣು ಅರೆಮುಚ್ಚಿ ತಲೆದೂಗುತ್ತಲೇ ಇದ್ದರು.

ಎರಡನೆಯವಳೂ ಅಲ್ಲೇ ಜಾರಿದಳು. ಆಮೇಲಿನವನೂ ಅಲ್ಲೇ. ಒಬ್ಬ ಜಾರಿದರೆ ಮರೆವು, ಎಲ್ಲರೂ ಒಂದೇ ಕಡೆ ಜಾರಿದರೆ ಅದು ಪಾಠ.

"ಇದನ್ನ ಯಾರು ಕಲಿಸಿದ್ದು?" ಅಂತ ಗದರಿದೆ.

ಮಕ್ಕಳೆಲ್ಲ ಮುಂದಿನ ಸಾಲಿನ ಹುಡುಗಿಯತ್ತ ನೋಡಿದರು. ಎಲ್ಲರಿಗಿಂತ ದೊಡ್ಡವಳು. ಅವಳನ್ನು 'ಚಿಕ್ಕ ಉಸ್ತಾದ್' ಅಂತ ಕರೆಯುತ್ತಾರಂತೆ. ಅವಳು ಉಸ್ತಾದರ ಎದುರಿಗೇ ನಿಂತು, ದನಿ ಕೂಡ ತಗ್ಗಿಸದೆ ಹೇಳಿದಳು: "ಅವರಿಗೆ ಕಿವಿ ಕೇಳಿಸಲ್ಲ ಅಕ್ಕಾ. ಯಾವಾಗ್ಲೋ ಹೋಯ್ತು. ದನಿ ಹಿಡಿತಕ್ಕೆ ಸಿಗಲ್ಲ ಅಂತ ತಾವು ಓದೋದನ್ನೂ ಬಿಟ್ರು. ಎಲ್ಲರ ಪಾಠ ಒಪ್ಪಿಸಿಕೊಳ್ಳೋದು ನಾನೇ. ಮಂಡಳಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ. ಅವರನ್ನ ಕಳಿಸಿಬಿಡ್ತಾರೆ."

ಉಸ್ತಾದರು ನನ್ನತ್ತ ನೋಡಿ ಹೆಮ್ಮೆಯಿಂದ ನಕ್ಕರು. ಅವಳೇನೋ ಜಾಣತನದ ಉತ್ತರ ಕೊಟ್ಟಳು ಅಂದುಕೊಂಡಿರಬೇಕು.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಒಂದು ದಾರಿ ಉಳಿದಿತ್ತು. ಗುರುವಿನಲ್ಲಿ ಪಾಠ ಸರಿಯಿದ್ದು, ಮಕ್ಕಳೂ ಅದನ್ನು ಕೇಳಿ ತಿದ್ದಿಕೊಂಡರೆ, 'ಸಹಾಯಕರು ಬೇಕು' ಅಂತ ಷರಾ ಬರೆದು ಪಾಸು ಮಾಡಬಹುದು. ಪುಟ ತೋರಿಸಿ, ನೀವೇ ಓದಿ ಅಂತ ಕೈಸನ್ನೆ ಮಾಡಿದೆ. ಅವರು ನಾಚಿದರು. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದರು.

ದನಿ ವಿಪರೀತ ಜೋರಾಗಿತ್ತು, ಕೆಳಗಿನ ಯಂತ್ರಗಳನ್ನೂ ಮೀರಿತ್ತು. ಆದರೆ ಒಂದಕ್ಷರ ಆಚೀಚೆಯಿಲ್ಲ. ನನ್ನ ಮೈ ಜುಮ್ಮೆಂದಿತು. ಆ ಜಾಗ ಬಂತು. ಅವರು ಜಾರಲಿಲ್ಲ. ಬಿದ್ದುಹೋಗಿದ್ದ ವಚನವನ್ನು ಪೂರ್ತಿ ಓದಿದರು.

ಇಡೀ ತರಗತಿ ಒಟ್ಟಿಗೆ ಕೂಗಿಕೊಂಡಿತು.

ಓದುವವರು ತಪ್ಪಿದರೆ, ಅವರು ಗುರುವೇ ಆಗಿರಲಿ, ಕೇಳುವವರು ಆಗಲೇ ಸರಿಯಾದದ್ದನ್ನು ಎತ್ತಿಕೊಡಬೇಕು. ಅದು ನಮ್ಮ ಪದ್ಧತಿ. ಮಕ್ಕಳು ತಾವು ಕಲಿತದ್ದನ್ನು ಎತ್ತಿಕೊಟ್ಟರು. ಉಸ್ತಾದರು ಏನೂ ಕೇಳಿಸದೆ ಮುಂದೆ ಹೋಗುತ್ತಲೇ ಇದ್ದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಆ ಹುಡುಗಿ ಅವರ ಮೊಣಕಾಲು ಮುಟ್ಟಿದಳು. ಅವರು ಕಣ್ಣು ಬಿಟ್ಟರು. ಅಷ್ಟೂ ಬಾಯಿಗಳು ತೆರೆದಿದ್ದವು. ಹುಡುಗಿಯ ತುಟಿಗಳನ್ನು ದಿಟ್ಟಿಸಿದರು. ಅವರ ಮುಖ ಬಾಡಿತು. ಹಿಂದಕ್ಕೆ ಹೋಗಿ, ಅವಳು ತೋರಿಸಿದಂತೆಯೇ, ಆ ವಚನವನ್ನು ಬಿಟ್ಟು ಓದಿದರು.

ಮಕ್ಕಳು ಸಮಾಧಾನಗೊಂಡು ಸುಮ್ಮನಾದರು.

"ವಯಸ್ಸಾಯ್ತು ಮಗಳೇ, ಮರೆವು," ಅಂದರು ಉಸ್ತಾದರು ನನಗೆ. "ಮಕ್ಕಳು ಚುರುಕು, ನೋಡಿದೆಯಲ್ಲ, ನನ್ನನ್ನೇ ಹಿಡಿದುಬಿಟ್ರು. ನನ್ನದು ಬಿಡು, ಅವರಿಗೆ ಪೂರ್ತಿ ಅಂಕ ಕೊಡು."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಾರೆ. ಈ ಮಕ್ಕಳು ನಾಳೆ ಇನ್ನಷ್ಟು ಮಕ್ಕಳಿಗೆ ಕಲಿಸುವವರು, ಆ ವಚನ ಇಲ್ಲದೆಯೇ ಕಲಿಸುವವರು. ಅನುತ್ತೀರ್ಣ ಅಂತ ಬರೆದೆ. ಹೇಳಿದರೆ ಅವರಿಗೆ ಕೇಳಿಸುವುದಿಲ್ಲ, ಹಾಗಾಗಿ ಹಾಳೆ ತಿರುಗಿಸಿ ಅವರ ಕಣ್ಣ ಮುಂದೆಯೇ ಹಿಡಿಯಬೇಕಾಯಿತು.

ಹಾಳೆಯನ್ನು ಕೈಗೆ ತೆಗೆದುಕೊಂಡರು. "ಎಲ್ಲಿ ತಪ್ಪಿದ್ರು?"

ಪುಟ ತೆಗೆದು ಆ ವಚನದ ಮೇಲೆ ಬೆರಳಿಟ್ಟೆ.

ಅವರು ಅದನ್ನು ಓದಿದರು. ಮತ್ತೆ ಓದಿದರು. ಆಮೇಲೆ ಮಕ್ಕಳತ್ತ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಇದನ್ನ ದಿನಾ ಓದ್ತಾರಲ್ಲಮ್ಮ," ಅಂದರು. "ಕಣ್ಣು ಮುಚ್ಚಿದ್ರೆ ನನಗೆ ಕೇಳಿಸ್ತಾ ಇತ್ತಲ್ಲ."